ಆರಿಸಿದ ಮೇಲೂ ಕೊಂದ ಆಂಪ್ಲಿಫೈಯರ್

ರೇಡಿಯೋ ರಿಪೇರಿ ಮಾಡುತ್ತಿದ್ದ ನನ್ನ ಅಬ್ಬಾ ಅವರ ಸಾವಿಗೆ ಭದ್ರಾವತಿಯ ನಮ್ಮ ಬಡಾವಣೆಯ ಸಭಾಭವನ ಸಮಿತಿಯೇ ಹೊಣೆ.

ಇಂದಿಗೂ ವಿದ್ಯಾನಗರದ ರೇಡಿಯೋ ಅಂಗಡಿಯಿಂದ ಬೆಸುಗೆಯ ರಾಳದ ವಾಸನೆ ಬಂದರೆ ನನ್ನ ಕಾಲು ಮುಂದೆ ಹೋಗುವುದಿಲ್ಲ.

ಆ ಮಧ್ಯಾಹ್ನ ಸಭಾಭವನದ ಮೈಕಿನ ಸದ್ದು ಹೆಚ್ಚಿಸುವ ಹಳೆಯ ವಾಲ್ವ್ ಆಂಪ್ಲಿಫೈಯರ್ ಗೊರಗುಟ್ಟುತ್ತಿತ್ತು. ಅಬ್ಬಾ ಅದರ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ನನ್ನನ್ನೂ ಕರೆದುಕೊಂಡು ಎದುರಿನ ಚಾ ಅಂಗಡಿಗೆ ಹೋದರು. ಆರಿಸಿದ ಮೇಲೂ ಒಳಗಿನ ಕಂಡೆನ್ಸರ್‌ಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ; ಒಂದು ಚಾ ಮುಗಿಯುವಷ್ಟರಲ್ಲಿ ಅದು ಇಳಿದುಹೋಗುತ್ತದೆಂಬುದು ಅಲ್ಲಿನ ರಿಪೇರಿಯವರೆಲ್ಲರ ನಂಬಿಕೆಯಾಗಿತ್ತು.

“ಏನ್ ಸಾಬ್ರೇ, ಚಾ ಕುಡಿಯೋಕೇ ರಿಪೇರಿ ಒಪ್ಕೋತೀರಾ?” ಎಂದು ಅಂಗಡಿಯವನು ಕೆಣಕಿದ.

“ಆ ಪೆಟ್ಟಿಗೆ ಸಿಟ್ಟು ಇಳೀಲಿ ಇರು ಮಾರಾಯ,” ಎಂದು ಅಬ್ಬಾ ನಕ್ಕರು.

ಮರಳಿ ಬಂದು ಪೆಟ್ಟಿಗೆಯೊಳಗೆ ಕೈಯಿಟ್ಟರು. ಚಟ್ ಎಂಬ ಸದ್ದಾಯಿತು. ಅಬ್ಬಾ ಗೋಡೆಗೆ ಅಪ್ಪಳಿಸಿ ಬಿದ್ದರು. ನಾನು ಅಲುಗಾಡಿಸಿದೆ, ಅವರ ಮೀಸೆಯಲ್ಲಿ ಚಾದ ಹನಿ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ.

ಸಮಿತಿಯ ಕಾರ್ಯದರ್ಶಿ ಓಡಿಬಂದರು. “ಅಯ್ಯೋ, ಸೌಂಡ್ ಚೆನ್ನಾಗಿ ಬರ್ಲಿ ಅಂತ ಹೋದ ವಾರ ಶಿವಮೊಗ್ಗದವರ ಕೈಲಿ ದೊಡ್ಡ ಕಂಡೆನ್ಸರ್ ಹಾಕಿಸಿದ್ವಿ. ಅದ್ರಲ್ಲಿ ಕರೆಂಟ್ ಇಳಿಯೋಕೆ ಜಾಸ್ತಿ ಹೊತ್ತು ಬೇಕು ಅಂದಿದ್ರು, ಇವ್ರಿಗೆ ಹೇಳ್ಲೇ ಇಲ್ವಲ್ಲ!” ಎಂದು ತಲೆ ಚಚ್ಚಿಕೊಂಡರು. ಸಂಜೆ ಪೊಲೀಸರು ಬಂದಾಗ ಅದೇ ಬಾಯಿ, “ಅವರದೇ ಅಜಾಗ್ರತೆ ಸಾರ್,” ಎಂದಿತು. ಅಲ್ಲಿಗೆ ಬಂದಿದ್ದ ನನ್ನ ಅಮ್ಮಿಯ ಅಳು ನಿಂತುಹೋಯಿತು. ಅವಳು ಕಾರ್ಯದರ್ಶಿಯನ್ನೇ ನೋಡುತ್ತ ಕೂತಳು.

ಸಮಿತಿಯ ಮಾನ್ಯ ಸದಸ್ಯರೇ, ಕಂಡೆನ್ಸರ್ ಬದಲಿಸಿದ ಸಂಗತಿಯನ್ನು ಪೊಲೀಸರಿಂದ ಏಕೆ ಮುಚ್ಚಿಟ್ಟಿರಿ? ಇದಕ್ಕೆ ಬಹಿರಂಗವಾಗಿ ಉತ್ತರಿಸಬೇಕೆಂದೂ ಅಬ್ಬಾ ಅವರ ಹೆಸರಿಗೆ ಅಂಟಿಸಿದ ಅಜಾಗ್ರತೆಯ ಆರೋಪವನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಬೇಕೆಂದೂ ಅವರ ಮಗಳಾಗಿ ಆಗ್ರಹಪೂರ್ವಕವಾಗಿ ಕೋರುತ್ತೇನೆ.