ಪೂಜೆಗೆ ಕೂತ ಕಂಟ್ರೋಲರ್

ವಿಡಿಯೋ ಗೇಮ್ ಆಡುವ ಕಂಟ್ರೋಲರ್ ಮೇಜಿನ ಮೇಲಿರಲಿಲ್ಲ. ಮಂಚದ ಕೆಳಗೆ, ದಿಂಬಿನ ಹಿಂದೆ, ಕಪಾಟಿನೊಳಗೆ ಹುಡುಕಿ ಬೆವೆತ ಪೂಜಿತಾ, ಕೊನೆಗೆ ಮನೆಗೆ ಅಂಟಿಕೊಂಡಿದ್ದ ತಮ್ಮ ಅಕ್ಕಿ ಗಿರಣಿಯೊಳಗೆ ಓಡಿಬಂದು ನೋಡಿದರೆ, ಅದು ಆಯುಧಪೂಜೆಯ ಸಾಲಿನಲ್ಲಿ ಕುಳಿತಿತ್ತು. ಒಂದು ಬದಿಗೆ ಚೀಲ ಎತ್ತುವ ಕೊಕ್ಕೆಗಳು, ಇನ್ನೊಂದು ಬದಿಗೆ ಎಣ್ಣೆ ಒರೆಸಿದ ಸ್ಪ್ಯಾನರುಗಳು. ನಡುವೆ ಕೆಂಪು ವಸ್ತ್ರದ ಮೇಲೆ ಅವಳ ಕಂಟ್ರೋಲರ್, ಮೂರೆಳೆ ವಿಭೂತಿ ಧರಿಸಿ, ನೆತ್ತಿಯ ಮೇಲೊಂದು ಸೇವಂತಿಗೆ ಹೊತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆಯಾಗಿತ್ತು.

ಆರು ಗಂಟೆಗೆ ಅರ್ಜಿಯ ಗಡುವು ಮುಗಿಯುತ್ತಿತ್ತು. ವಿಡಿಯೋ ಗೇಮೊಂದನ್ನು ಮೊದಲಿನಿಂದ ಕೊನೆಯವರೆಗೆ ಅತಿ ಕಡಿಮೆ ಹೊತ್ತಿನಲ್ಲಿ ಮುಗಿಸಬಲ್ಲವರನ್ನು ದೇಶದೇಶಗಳಿಂದ ಆರಿಸಿ, ಏಳು ದಿನ ಎಡೆಬಿಡದೆ ನೇರಪ್ರಸಾರದಲ್ಲಿ ಆಡಿಸಿ, ನೋಡುಗರು ಕೊಟ್ಟದ್ದನ್ನು ಮಕ್ಕಳ ಆಸ್ಪತ್ರೆಗೆ ಮುಟ್ಟಿಸುವ ಮ್ಯಾರಥಾನ್ ಅದು. ಅರ್ಜಿಯೊಂದಿಗೆ ಒಂದು ಪೂರ್ತಿ ಆಟದ ವಿಡಿಯೋ ಕಳಿಸಬೇಕು. ಎಲ್ಲಿಯೂ ಕತ್ತರಿ ಆಡಿರಕೂಡದು, ಆಡುವವರು ಆಡುತ್ತಲೇ ಮಾತಿನಲ್ಲಿ ವಿವರಿಸುತ್ತಿರಬೇಕು. ಪೂಜಿತಾಳ ಆಟಕ್ಕೆ ನಲವತ್ತಾರು ನಿಮಿಷ ಬೇಕು. ಕಂಪ್ಲಿಯ ಆ ಬೀದಿಯಲ್ಲಿ ಅಷ್ಟು ಹೊತ್ತು ಓಲ್ಟೇಜ್ ನಿಂತ ದಿನವಿಲ್ಲ. ಯಾವುದೋ ಗಿರಣಿಯ ಮೋಟರು ಎದ್ದರೆ ಸಾಕು, ಇನ್ವರ್ಟರ್ ಎಚ್ಚರಗೊಳ್ಳುವುದರೊಳಗೆ ಅವಳ ಆಟದ ಯಂತ್ರ ಕಣ್ಣು ಮುಚ್ಚುತ್ತಿತ್ತು. ಹೀಗೆ ಎರಡು ವರ್ಷ ಕೈತಪ್ಪಿತ್ತು. ಕಳೆದ ವಾರದ ವಿಡಿಯೋ ಕೂಡ ಮೂವತ್ತೊಂದನೆಯ ನಿಮಿಷದಲ್ಲಿ ಸತ್ತಿತ್ತು. ಬೀದಿಯ ಮೋಟರುಗಳೆಲ್ಲ ಒಟ್ಟಿಗೆ ಮೌನ ಹಿಡಿಯುವ ಹಬ್ಬವನ್ನೇ ನಂಬಿ ಅವಳು ತಿಂಗಳಿಂದ ಕಾದಿದ್ದಳು. ಬೆಳಗಿನಿಂದ ಹೋಳಿಗೆಯ ಕೆಲಸದಲ್ಲಿ ಬೆಂದು, ಈಗಷ್ಟೇ ಕೈ ತೊಳೆದು ಬಂದಿದ್ದಳು.

"ಅಜ್ಜಿ, ಅದನ್ನ ಯಾಕ ಇಲ್ಲಿಟ್ಟಿ?"

ಜಂಬಮ್ಮ ತಕ್ಕಡಿಗೆ ಕುಂಕುಮ ಹಚ್ಚುತ್ತಿದ್ದರು. ತಲೆಯೆತ್ತಲಿಲ್ಲ. "ನೀನ ದಿನಾ ಬಡ್ಕಂತಿದ್ಯಲ್ಲ, ಇದು ಆಟ ಅಲ್ಲ, ನನ್ನ ಕೆಲಸ ಅಂತ. ಕೆಲಸದ ಸಾಮಾನು ಮತ್ತೆಲ್ಲಿ ಇಡಬೇಕು? ನಿಮ್ಮಪ್ಪನ ಸ್ಪ್ಯಾನರ್ ಮಗ್ಗಲದಾಗ ಜಾಗ ಕೊಟ್ಟೀನಿ, ನೋಡು."

ಮೂರು ವರ್ಷ ಉಣ್ಣುವಾಗಲೆಲ್ಲ ವಾದಿಸಿ ದಕ್ಕದಿದ್ದ ಮರ್ಯಾದೆ, ಹೂವು ಮುಡಿದು ಕಣ್ಣೆದುರಿಗಿತ್ತು.

"ನನಗ ಈಗ ಬೇಕು ಅಜ್ಜಿ. ಆರರೊಳಗ ಕಳಿಸಬೇಕು."

"ವಿಭೂತಿ ಹಚ್ಚಿದ ಮ್ಯಾಲ ನಾಳೆ ಬನ್ನಿ ಮುಡಿಯೋತನಕ ಯಾವ ಆಯುಧಾನೂ ಏಳಂಗಿಲ್ಲ. ನಿಮ್ಮಪ್ಪ ಲಾರಿನ ಮುಟ್ಟಂಗಿಲ್ಲ, ಇದು ಯಾವ ಲೆಕ್ಕ?"

"ಮನ್ಯಾಗ ಇರೋದು ಅದೊಂದ. ಹೊಸಪ್ಯಾಟ್ಯಾಗೂ ಅಂಗಡಿ ಎಲ್ಲಾ ಮುಚ್ಚ್ಯಾವು."

ಜಂಬಮ್ಮ ಆಗ ಮೊಮ್ಮಗಳ ಮುಖ ನೋಡಿದರು. "ಹಂಗಾದ್ರ ಒಂದ ದಾರಿ ಐತಿ. ಆಟದ ಸಾಮಾನಿಗೆ ಈ ಕಟ್ಟು ಇಲ್ಲ. ಆಟದ ಸಾಮಾನು ಅಂತ ಬಾಯಿಬಿಟ್ಟು ಹೇಳು, ತಗೊಂಡು ಹೋಗು."

ಗಡಿಯಾರದ ದೊಡ್ಡ ಮುಳ್ಳು ಒಂದು ಗೆರೆ ದಾಟಿತು. ಯಂತ್ರವನ್ನೆಲ್ಲ ಅಣಿಗೊಳಿಸಲು ಇಪ್ಪತ್ತು ನಿಮಿಷ, ನಲವತ್ತಾರು ನಿಮಿಷ ಆಟಕ್ಕೆ, ಮತ್ತೆ ಇಪ್ಪತ್ತು ನಿಮಿಷ ವಿಡಿಯೋವನ್ನು ಜಾಲತಾಣಕ್ಕೆ ಏರಿಸಲು. ವಾದಕ್ಕೆ ಅದರಲ್ಲಿ ಒಂದು ನಿಮಿಷವೂ ಉಳಿಯುತ್ತಿರಲಿಲ್ಲ. ಪೂಜಿತಾ ನೆಲವನ್ನು ನೋಡುತ್ತ ಹೇಳಿದಳು: "ಆಟದ ಸಾಮಾನು, ಅಜ್ಜಿ."

ಜಂಬಮ್ಮ ಸೇವಂತಿಗೆಯನ್ನು ತೆಗೆದು ಕಣ್ಣಿಗೊತ್ತಿಕೊಂಡು, ಕಂಟ್ರೋಲರನ್ನು ಅವಳ ಅಂಗೈಯಲ್ಲಿಟ್ಟರು. ಅವರ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ.

ಐದಕ್ಕೆ ಹನ್ನೆರಡು ನಿಮಿಷವಿರುವಾಗ ಆಟ ಮೊದಲಾಯಿತು. ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಪ್ರತಿಯೊಂದು ಜಿಗಿತವನ್ನೂ ವಿವರಿಸುತ್ತ ಪೂಜಿತಾ ಆಡಿದಳು. ವಿಭೂತಿಯ ಪುಡಿ ಗುಂಡಿಗಳ ಸಂದಿಗಿಳಿದು ಹೆಬ್ಬೆರಳು ಎರಡು ಸಲ ಜಾರಿತು. ಮೂವತ್ತನೆಯ ನಿಮಿಷ ಕಳೆಯುತ್ತಲೇ ಕಿವಿಗೆ ಹೆಡ್‌ಫೋನಿನ ಸದ್ದೂ ಕೇಳದಾಯಿತು. ಕಣ್ಣು ಪರದೆಯ ಮೇಲಿದ್ದರೂ ಜೀವವೆಲ್ಲ ತಲೆಯ ಮೇಲಿನ ಬಲ್ಬಿನಲ್ಲಿತ್ತು. ಬಲ್ಬು ಮಿಣುಕಲಿಲ್ಲ. ಮೂವತ್ತೆರಡು, ಮೂವತ್ತೈದು, ನಲವತ್ತು. ನಲವತ್ತೇಳು ನಿಮಿಷಕ್ಕೆ ಆಟ ಮುಗಿದಾಗ ಅವಳ ಬೆರಳುಗಳು ಮಡಚಿದಂತೆಯೇ ಉಳಿದಿದ್ದವು.

ವಿಡಿಯೋ ಏರಿಸುವುದು ಇನ್ನೊಂದು ಸಂಕಟ. ಶೇಕಡಾ ಎಪ್ಪತ್ತರಲ್ಲಿ ನಿಂತಿತು, ತೊಂಬತ್ತರಲ್ಲಿ ನಿಂತಿತು. ಆರಕ್ಕೆ ಎರಡು ನಿಮಿಷವಿರುವಾಗ ಅರ್ಜಿ ಹೋಯಿತು. ಕಳಿಸಿದ್ದನ್ನು ಒಮ್ಮೆ ನೋಡಿಕೊಳ್ಳಲೂ ಪುರಸೊತ್ತಾಗಲಿಲ್ಲ. ಇನ್ನು ತಿದ್ದುವಂತಿಲ್ಲ ಎಂದು ತಿಳಿದ ಮೇಲೆ ಹೆದರಿಕೆ ಹೆಚ್ಚಾಯಿತು. ಚಿತ್ರ ಎಲ್ಲಾದರೂ ಒಡೆದಿದ್ದರೆ? ಪೂಜಿತಾ ವಿಡಿಯೋವನ್ನು ಮೂವತ್ತೊಂದನೆಯ ನಿಮಿಷಕ್ಕೆ ಎಳೆದು, ಅಲ್ಲಿಂದ ಓಡಿಸಿ ನೋಡಿದಳು.

ಚಿತ್ರ ಒಡೆದಿರಲಿಲ್ಲ. ಆದರೆ ಅವಳ ಇಂಗ್ಲಿಷಿನ ಹಿಂದೆ, ಕಿಟಕಿಯಾಚೆಯಿಂದ, ಬೇರೊಂದು ದನಿ ಕೇಳಿಸಿತು. ಅದು ಪಕ್ಕದ ಗಿರಣಿಯ ಕೊಟ್ರಯ್ಯನದು.

"ಅಮ್ಮಾರ, ಹೊಸಾ ಪಟ್ಟಾ ಹಾಕೀನ್ರಿ. ನಮ್ಮ ಗಿರಣಿ ಪೂಜಿ ಆಗೋದ್ರಾಗ ಮೋಟರ್ ಒಂದೀಟು ತಿರುವಿ ನೋಡ್ಲೇನ್ರಿ?"

"ಆರು ಗಂಟಿತನಕ ಮುಟ್ಟಬ್ಯಾಡಪ, ಕೊಟ್ರಯ್ಯ." ಅಜ್ಜಿಯ ದನಿ ಪಿಸುಗುಟ್ಟುವಷ್ಟು ತಗ್ಗಿತ್ತು. "ಒಳಗ ನಮ್ಮ ಹುಡುಗಿ ಕೆಲಸಕ್ಕ ಕುಂತಾಳ."

"ಹಬ್ಬದ ದಿನ ಏನ್ ಕೆಲಸ್ರೀ?"

"ಅದು ನನಗೂ ತಿಳಿಯಂಗಿಲ್ಲ. ಮೆಲ್ಲಕ ಮಾತಾಡು."