ತಾಳಿ ಮುಟ್ಟದ ಕಳ್ಳ

ಕಳ್ಳ ಶೂ ಬಿಚ್ಚಿಟ್ಟು ಒಳಗೆ ಬಂದಿದ್ದ.

ಅದನ್ನು ಮೊದಲು ಗಮನಿಸಿದವನು ರಘೋತ್ತಮನೇ. ಅಮೆರಿಕಾದ ಈ ಬೆರ್ರಿಯೆಸಾದಲ್ಲಿ ಬೆಳಗಿನಿಂದ ಮಳೆ, ಅಂಗಳವೆಲ್ಲ ಕೆಸರು. ಆದರೂ ಬಾಗಿಲಿಂದ ಬೆಡ್‌ರೂಮಿನವರೆಗೆ ಬಿಳಿ ಕಾರ್ಪೆಟ್ಟಿನ ಮೇಲೆ ಒಂದು ಕಲೆಯಿಲ್ಲ. ಕಿಟಕಿ ಒಡೆದಿಲ್ಲ. ಎಳೆದರೆ ತಾನೇ ಬೀಗ ಬೀಳುವ ಬಾಗಿಲಿಗೆ ಬೀಗ ಬಿದ್ದೇ ಇತ್ತು. ಒಡವೆ ಡಬ್ಬಿ ಮಾತ್ರ ಬಾಯಿ ತೆರೆದುಕೊಂಡು ಮಂಚದ ಮೇಲೆ ಕೂತಿತ್ತು.

ಸಂಜೆ ಅವನು ಫೋನ್ ಮಾಡಿದ ಮೇಲೆ ಬಂದ ಪೊಲೀಸಿನವಳು ಮೂರು ಪ್ರಶ್ನೆ ಕೇಳಿದಳು. ಬೀಗದ ಕೈ ಎಷ್ಟು? ಎರಡೇ, ತನ್ನ ಹತ್ತಿರ ಒಂದು, ಹೆಂಡತಿಯ ಹತ್ತಿರ ಒಂದು. ಹೆಂಡತಿ ಎಲ್ಲಿ? ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ, ಆಪರೇಷನ್ ಥಿಯೇಟರಿನಲ್ಲಿ ಫೋನ್ ಎತ್ತುವುದಿಲ್ಲ, ಏಳಕ್ಕೆ ಬರುತ್ತಾಳೆ. ನೀವು?

"ಆಫೀಸಲ್ಲಿದ್ದೆ," ಎಂದ ರಘೋತ್ತಮ.

ಅವಳು ಬರೆದುಕೊಂಡಳು. ನಾಳೆ ಆಫೀಸಿಗೊಂದು ಫೋನ್ ಮಾಡಿ ಕೇಳುತ್ತೇನೆ, ಇದು ಎಲ್ಲರಿಗೂ ಮಾಡುವುದೇ ಎಂದು ಹೇಳಿ ಹೋದಳು.

ಆಫೀಸಿನವರು ರಘೋತ್ತಮನನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿ ಮೂರು ತಿಂಗಳಾಗಿತ್ತು. ಅವರು ಕೊಟ್ಟ ಪತ್ರ ಮದುವೆ ಕೋಟಿನ ಒಳಜೇಬಿನಲ್ಲಿ ಭದ್ರವಾಗಿತ್ತು. ಅವನು ಮಾತ್ರ ದಿನವೂ ಇಸ್ತ್ರಿ ಶರಟು ತೊಟ್ಟು, ಹೆಂಡತಿ ವೇದವತಿ ಕಟ್ಟಿಕೊಟ್ಟ ಊಟದ ಡಬ್ಬಿ ಹಿಡಿದು ಹೊರಟು, ಸರಟೋಗಾದ ಲೈಬ್ರರಿಯಲ್ಲಿ ಕೂತು ದಾರಿಗಳ್ಳರ ಕಥೆ ಓದುತ್ತಿದ್ದ. ಸಂಜೆ ದಣಿದವನಂತೆ ಮರಳುತ್ತಿದ್ದ. ಆ ದಣಿವು ಸುಳ್ಳಲ್ಲ.

ಮದುವೆಯಾದ ಹೊಸದರಲ್ಲಿ ವೇದವತಿ ಒಂದು ಮಾತು ಹೇಳಿದ್ದಳು. "ಇಲ್ಲದೇ ಇದ್ರೆ ಇಲ್ಲ ಅನ್ನು ರಘು. ಸುಳ್ಳು ಹೇಳ್ಬೇಡ. ಅದೊಂದು ನನ್ ಕೈಲಾಗಲ್ಲ."

ಏಳು ಗಂಟೆಯೊಳಗೆ ಅವನಿಗೊಬ್ಬ ಕಳ್ಳ ಬೇಕಾಗಿತ್ತು. ಎಂಥವನೆಂದರೆ, ಅವನ ಹೆಸರು ಕೇಳಿದ ಮೇಲೆ ಆಫೀಸಿಗೆ ಫೋನ್ ಮಾಡುವ ಯೋಚನೆಯೇ ಯಾರಿಗೂ ಬರಬಾರದು.

ಪೊಲೀಸ್ ಕಾರು ನೋಡಿ ಪಕ್ಕದ ಮನೆಯಿಂದ ಸೋಮಲಿಂಗಪ್ಪ, ಅಂಬವ್ವ ಬಂದರು. ಮಗನ ಮನೆಗೆಂದು ಧಾರವಾಡದಿಂದ ಬಂದ ದಂಪತಿ. ರಘೋತ್ತಮ ಅವರನ್ನು ನೇರ ದೇವರ ಗೂಡಿನ ಮುಂದೆ ನಿಲ್ಲಿಸಿದ. ಬೆಳ್ಳಿ ತಟ್ಟೆಯಲ್ಲಿ ವೇದವತಿಯ ತಾಳಿ ಇತ್ತು. ಥಿಯೇಟರಿನಲ್ಲಿ ಒಡವೆ ಹಾಕುವಂತಿಲ್ಲ, ದಿನಾ ಅಲ್ಲಿ ತೆಗೆದಿಟ್ಟೇ ಡ್ಯೂಟಿಗೆ ಹೋಗುತ್ತಿದ್ದಳು.

"ನೋಡಿ, ಕಣ್ಣೆದುರಿಗೇ ಇದೆ, ಮುಟ್ಟಿಲ್ಲ. ಬೆಳ್ಳಿ ತಟ್ಟೇನೂ ಮುಟ್ಟಿಲ್ಲ. ಶೂ ಬಿಚ್ಚಿಟ್ಟು ಬಂದಿದಾನೆ. ಇವನು ಮಾಮೂಲಿ ಕಳ್ಳ ಅಲ್ಲ ಸೋಮಲಿಂಗಪ್ಪನವರೇ."

ಸೋಮಲಿಂಗಪ್ಪನ ಕಣ್ಣು ಅರಳಿತು. "ನಮ್ಮಜ್ಜನ ಕಾಲಕ್ಕ ಖಾನಾಪುರದ ಅಡವ್ಯಾಗ ಅಂಥಾಂವೊಬ್ಬ ಇದ್ದ. ಗಾಡಿ ತರುಬಿ ಎಲ್ಲಾ ಕಸಗೊಳ್ಳಾಂವ. ತಾಳಿ ಕಂಡ್ನೆಂದ್ರ ಮಾತ್ರ ಕುದುರಿ ಇಳದು, 'ತಂಗೆವ್ವಾ, ನೂರು ವರ್ಷ ಬಾಳು' ಅಂತ ಕೈ ಮುಗೀತಿದ್ದ. ಎಷ್ಟೋ ಹೆಣ್ಮಕ್ಕಳು ಅವನ ಆಶೀರ್ವಾದಕ್ಕಂತನ ಆ ದಾರಿ ಹಿಡೀತಿದ್ರು."

"ಈ ಕಳ್ಳ ಕುದುರಿ ಎಲ್ಲಿ ಪಾರ್ಕ್ ಮಾಡಿದ್ನಂತ?" ಎಂದಳು ಅಂಬವ್ವ.

ಗಂಡಸರಿಬ್ಬರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಧ ಗಂಟೆಯಲ್ಲಿ ಕಳ್ಳನಿಗೆ ಆರಡಿ ಎತ್ತರ ಬಂತು, ಕಪ್ಪು ವಸ್ತ್ರ ಬಂತು, ಬಡವರ ಮೇಲೆ ಕರುಣೆ ಬಂತು. ಫ್ರೀವೇ ಉದ್ದಕ್ಕೂ ನಮ್ಮವರ ಮನೆಗಳನ್ನೇ ಹುಡುಕಿ ದೋಚುವ, ನಮ್ಮ ಪದ್ಧತಿ ಬಲ್ಲ ಮರ್ಯಾದಸ್ಥ. ರಘೋತ್ತಮನಿಗೆ ಮೊದಲ ಬಾರಿ ಉಸಿರಾಟ ಸಲೀಸಾಯಿತು.

ಅಂಬವ್ವ ಒಡವೆ ಡಬ್ಬಿಯಲ್ಲಿ ಕೈಯಾಡಿಸಿದಳು. ತಳದಲ್ಲಿ ನಾಲ್ಕು ಬಳೆ.

"ಇವು ಯಾರು ಮಾಡಿಸಿದ್ದು?"

"ನಾನೇ. ಮದುವೆ ಆಗಿ ಹತ್ತು ವರ್ಷ ಆಯ್ತಲ್ಲ, ಆಗ."

"ಹೋದದ್ದು?"

"ಅವಲಕ್ಕಿ ಸರ, ಬೆಂಡೋಲೆ. ಅವಳ ತವರಿಂದು."

"ಅಮೆರಿಕಾದ ಬಂಗಾರ ಕಳ್ಳಗೂ ಬ್ಯಾಡಾತು ನೋಡ," ಎಂದು ಸೋಮಲಿಂಗಪ್ಪ ನಕ್ಕ.

ಅಂಬವ್ವ ನಗಲಿಲ್ಲ. ಚಹಾ ಇಡಲೆಂದು ಅಡುಗೆಮನೆಗೆ ಹೋದಳು. ಅಲ್ಲಿಂದಲೇ ಕೇಳಿದಳು.

"ಈ ಹಾಲಿಗೆ ಹೆಪ್ಪು ಹಾಕಿದವರು ಯಾರಪಾ?"

"ವೇದಾ. ಬೆಳಿಗ್ಗೆ ಆರಕ್ಕೇ ಹಾಕಿ ಹೋಗ್ತಾಳೆ."

"ಇನ್ನೂ ಉಗುರು ಬೆಚ್ಚಗೈತಿ."

ರಘೋತ್ತಮನಿಗೆ ಅದಕ್ಕೂ ಉತ್ತರ ಸಿಕ್ಕಿತು. "ಹಳೇ ದಾರಿಗಳ್ಳರು ಹಾಗೇ ಅಲ್ವಾ ಅಮ್ಮ. ದೋಚಿದ ಮನೆಗೆ ಏನಾದ್ರೂ ಒಂದು ಉಪಕಾರ ಮಾಡದೆ ಹೋಗ್ತಿರಲಿಲ್ವಂತೆ."

ಅಂಬವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅವನ ಮುಖವನ್ನೇ ನೋಡಿದಳು. ಚಹಾ ಮಾಡಲಿಲ್ಲ. "ನಡೀರಿ, ಮನಿಗೆ ಹೋಗೂಣು," ಎಂದು ಗಂಡನನ್ನು ಎಬ್ಬಿಸಿದಳು. ಬಾಗಿಲಲ್ಲಿ ನಿಂತು ತಿರುಗಿದಳು.

"ತಮ್ಮಾ, ಊಟಕ್ಕ ನಮ್ಮನಿಗೇ ಬಾ."

"ಏಳಕ್ಕೆ ವೇದಾ ಬರ್ತಾಳಲ್ಲಮ್ಮ."

"ಆತು. ಎರಡು ರೊಟ್ಟಿ ತಗದಿಟ್ಟಿರ್ತೀನಿ."

ಏಳಾಯಿತು. ಏಳೂವರೆಯಾಯಿತು. ಮಳೆಗೆ ಟ್ರೇನು ತಡವಾಗಿರಬೇಕು ಎಂದುಕೊಂಡ. ಕಥೆಯನ್ನು ಒಳಗೊಳಗೇ ಎರಡು ಸಲ ಹೇಳಿ ನೋಡಿದ, ಎಲ್ಲೂ ಬಿರುಕಿರಲಿಲ್ಲ. ಅವಳು ಒಳಗೆ ಕಾಲಿಟ್ಟೊಡನೆ ಮೊದಲು ತಾಳಿಯನ್ನು ಕೈಗಿಡಬೇಕು. ಎಲ್ಲ ಹೋದರೂ ಇದೊಂದು ಉಳಿಯಿತು ಅನ್ನಬೇಕು. ಅವಳು ಅತ್ತರೆ, ಅಳುವಿನ ನಡುವೆ ಆಫೀಸಿನ ಮಾತು ಬರುವುದಿಲ್ಲ.

ದೇವರ ಗೂಡಿನ ಬೆಳ್ಳಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿದ.

ಕೆಳಗೆ ನಾಲ್ಕಾಗಿ ಮಡಚಿದ ಕಾಗದವೊಂದಿತ್ತು, ಮದುವೆ ಕೋಟಿನ ಒಳಜೇಬಿನಲ್ಲಿರಬೇಕಾದ ಆಫೀಸಿನ ಪತ್ರ. ಬಿಡಿಸಿದರೆ ಒಳಗಿನಿಂದ ಮನೆಯ ಎರಡನೆಯ ಬೀಗದ ಕೈ ಜಾರಿ ಬಿತ್ತು.