ಮೂಲೆಯ ಪ್ಲಾಟು

ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿ ಕಳೆದ ಸಾವಿತ್ರೆವ್ವ, ಪ್ಲಾಟಿನ ಕಾಗದಕ್ಕೆ ಸಹಿ ಹಾಕುವ ಮೊದಲು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡಳು.

"ಲೇಔಟ್ ತುಂಬ ಕರಿ ಎರಿಮಣ್ಣು ಐತಿ. ನನ್ನ ಪ್ಲಾಟಿಗಷ್ಟ ಕೆಂಪು ಗರಸು ಮಣ್ಣು ಯಾಕ ಹಾಕೀಯೋ, ಮಹಾದೇವ?"

"ನಿಮ್ಮ ಮನಿ ಗಟ್ಟಿ ನಿಲ್ಲಲಿ ಅಂತರೀ, ಅಕ್ಕಾರ," ಎಂದ ಏಜೆಂಟ್.

"ಉಳದವರ ಮನಿ ಬಿದ್ರ ನಡೀತೈತೇನು? ನಾ ಏನ್ ನಿನ್ನ ಬೀಗತಿ ಅಲ್ಲಲ್ಲ!"

ಮಹಾದೇವ ನಗಲು ಬಾಯಿ ತೆರೆಯುವಷ್ಟರಲ್ಲಿ, ಮೇಯ್ದು ಮುರಗೋಡ ರಸ್ತೆಯಲ್ಲಿ ಮರಳುತ್ತಿದ್ದ ಎಮ್ಮೆಗಳು ದಾರಿ ಬಿಟ್ಟು ನೇರ ಆ ಪ್ಲಾಟಿಗೇ ಇಳಿದವು. ಮುಂದಿದ್ದ ಮುದಿ ಎಮ್ಮೆ ಒಣ ಗರಸಿಗೆ ಮೂತಿ ಹಚ್ಚಿ ನೀರು ಹುಡುಕಿತು. ಉಳಿದವು ಅದರ ಹಿಂದೆ ಸಾಲಾಗಿ ನಿಂತು ತಮ್ಮ ಪಾಳಿಗೆ ಕಾದವು.

ಸಾವಿತ್ರೆವ್ವ ಅವನ ಮುಖ ನೋಡಿದಳು.

"ಹೊಂಡ ಎಷ್ಟು ಆಳ ಇತ್ತು?"